ಬರೀ ಟ್ರೈ ಅಷ್ಟೇ

ನಾನು ‘ಟ್ರೈ ಮಾಡ್ತೀನಿ’ ಎಂದೆನೆಂದರೆ ಆ ಕೆಲಸ ಆಗುವುದಿಲ್ಲವೆಂದೇ ತಿಳಿಯಬೇಕು. ಇದು ನನ್ನೊಬ್ಬನ ಗುಣವಲ್ಲ, ನಮ್ಮ ಮೈಸೂರಿನವರ ಸಂಭಾವಿತತನ. ಮುಖಕ್ಕೆ ಹೊಡೆದಂತೆ ‘ಆಗೋದಿಲ್ಲ’ ಎನ್ನಲು ನಮಗೆ ನಾಲಿಗೆ ಏಳುವುದಿಲ್ಲ. ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಸಿದ ಗೆಳೆಯ ಗೃಹಪ್ರವೇಶಕ್ಕೆ ಕರೆದಾಗ, ಅಷ್ಟು ದೂರ ಯಾರು ಹೋಗುತ್ತಾರೆಂದು ಮನಸ್ಸು ಗೊಣಗುತ್ತಿದ್ದರೆ ಬಾಯಿ ‘ಖಂಡಿತ ಟ್ರೈ ಮಾಡ್ತೀನಿ’ ಎನ್ನುತ್ತದೆ. ಗೆಳೆಯನೂ ಅರ್ಥ ಮಾಡಿಕೊಂಡು ಒಂದು ಎಲೆ ಕಡಿಮೆ ಹಾಕಿಸುತ್ತಾನೆ. ನಲ್ಲಿ ರಿಪೇರಿಯವನು ಇದೇ ಮಾತನ್ನು ನನಗೆ ಹೇಳಿದಾಗ ಮಾತ್ರ ನನಗೆ ವಿಪರೀತ ಸಿಟ್ಟು ಬರುತ್ತದೆ.

ಈ ಪದ ನನಗೆ ತಲೆಕೆಳಗಾದದ್ದು ಒಂದು ರಗ್ಬಿ ಪಂದ್ಯದಿಂದ. ಕೇಬಲ್ ಟಿವಿ ಆಗಷ್ಟೇ ನಮ್ಮ ಕುವೆಂಪುನಗರದ ಬೀದಿಗಳಲ್ಲಿ ತಂತಿ ಎಳೆಯುತ್ತಿದ್ದ ಕಾಲ. ಪಕ್ಕದ ಮನೆಯ ಮಲ್ಲಪ್ಪನವರಿಗೆ ಅಗ್ರಹಾರದಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ. ಅವರ ಮಗ ಶಿವಾನಂದ ಸೈನ್ಯ ಸೇರಿ, ಅಲ್ಲಿ ರಗ್ಬಿ ಕಲಿತು, ಭಾರತ ತಂಡಕ್ಕೇ ಆಯ್ಕೆಯಾಗಿದ್ದ. ಭಾರತಕ್ಕೆ ಅಂಥದೊಂದು ತಂಡವಿದೆಯೆಂದು ನಮ್ಮ ಬೀದಿಗೆ ಗೊತ್ತಾದದ್ದೇ ಆಗ.

ಮಲ್ಲಪ್ಪನವರಿಗೆ ಇದು ಸುತರಾಂ ಹಿಡಿಸಿರಲಿಲ್ಲ. “ಒಬ್ರ ಮೇಲೊಬ್ರು ಬಿದ್ದು ಕಿತ್ತಾಡೋದೂ ಒಂದು ಆಟವೇನ್ರೀ?” ಎನ್ನುತ್ತಿದ್ದರು. ಹಿಂದೊಮ್ಮೆ ಮಗನ ಭುಜ ಜಾರಿದ ಮೇಲಂತೂ ಅವರು ನಿರ್ಧಾರವನ್ನೇ ಮಾಡಿಬಿಟ್ಟಿದ್ದರು. ಟಿವಿಯಲ್ಲಿ ಬರಲಿದ್ದ ಈ ಪಂದ್ಯ ಮುಗಿದು ಮಗ ಫೋನ್ ಮಾಡಿದಾಗ, ಆಟ ಬಿಡು ಎಂದು ಹೇಳುವುದೇ ಸೈ. ಅಪ್ಪನ ಮಾತು ಮೀರುವ ಮಗನಲ್ಲ ಅವನು. ಕಷ್ಟವಿದ್ದದ್ದೇ ಅಲ್ಲಿ.

ಶಿವಾನಂದನ ಹೆಂಡತಿ ಮಂಗಳಾ ಕಾಂಪೌಂಡಿನ ಬಳಿ ನಿಂತು ನನ್ನನ್ನು ಕೇಳಿಕೊಂಡಳು. “ನಮ್ಮನೇಲಿ ಕೇಬಲ್ ಇಲ್ವಲ್ಲ ಅಂಕಲ್. ಒಂದ್ಸಲ ಮಾವ ಆ ಆಟ ನೋಡ್ಲಿ. ಆಮೇಲೆ ಏನ್ ಹೇಳ್ತಾರೋ ಹೇಳ್ಲಿ. ಅದನ್ನ ಬುಟ್ರೆ ಇವ್ರು ಅರ್ಧ ಜೀವ ಆಗೋಗ್ತಾರೆ.” ನಾನು ಟ್ರೈ ಮಾಡ್ತೀನಿ ಎನ್ನಲಿಲ್ಲ. ಉಪ್ಪಿಟ್ಟಿನ ಆಸೆ ತೋರಿಸಿ ಮಲ್ಲಪ್ಪನವರನ್ನು ಕರೆತಂದು ಸೋಫಾದಲ್ಲಿ ಕೂರಿಸಿದೆ.

ಎದುರಾಳಿ ದೇಶ ಯಾವುದೆಂದು ಹೇಳುವುದಿಲ್ಲ. ಗೆದ್ದವರಿಗೆ ನನ್ನ ಪ್ರಚಾರ ಬೇಕಿಲ್ಲ. ಅವರು ಒಬ್ಬೊಬ್ಬರೂ ಗೋದ್ರೆಜ್ ಬೀರುವಿನಷ್ಟಿದ್ದರು. ನಮ್ಮವರು ಅವರ ಭುಜದವರೆಗೆ ಬರುತ್ತಿದ್ದರು. ಆಟದ ನಿಯಮವೂ ವಿಚಿತ್ರ. ಓಡಬೇಕಾದ್ದು ಮುಂದಕ್ಕೆ, ಚೆಂಡು ಎಸೆಯಬೇಕಾದ್ದು ಮಾತ್ರ ಹಿಂದಕ್ಕೆ. ನನ್ನ ಆಫೀಸಿನಲ್ಲಿ ಫೈಲುಗಳು ನಡೆಯುವುದೂ ಹೀಗೆಯೇ ಆದ್ದರಿಂದ ನನಗೆ ಬೇಗ ಅರ್ಥವಾಯಿತು.

ಅರ್ಥವಾಗದೆ ಉಳಿದದ್ದು ಒಂದೇ ಪದ. ಎದುರಾಳಿಯೊಬ್ಬ ಚೆಂಡನ್ನು ಅವುಚಿಕೊಂಡು ಓಡಿ ಕೊನೆಯ ಗೆರೆಯಾಚೆ ಬಿದ್ದ. ವೀಕ್ಷಕ ವಿವರಣೆಗಾರ “ಟ್ರೈ!” ಎಂದು ಕಿರುಚಿದ. ಮಲ್ಲಪ್ಪನವರು ನಿಟ್ಟುಸಿರು ಬಿಟ್ಟರು. “ಬರೀ ಟ್ರೈ ಅಂತೆ ಕಣ್ರೀ. ಆಗಿಲ್ಲ ಬುಡಿ.” ನಾನೂ ಗಂಭೀರವಾಗಿ ತಲೆಯಾಡಿಸಿದೆ. ನಮ್ಮ ಹಳೆಯ ಟಿವಿಯಲ್ಲಿ ಚಿತ್ರದ ಮೇಲಂಚು ಕತ್ತರಿಸಿಹೋಗಿ ಸ್ಕೋರು ಕಾಣುತ್ತಲೇ ಇರಲಿಲ್ಲ. ಎದುರಾಳಿಗಳು ಮತ್ತೆ ಮತ್ತೆ ಟ್ರೈ ಮಾಡಿದರು. ‘ಪಾಪ, ಎಷ್ಟು ಒದ್ದಾಡಿದರೂ ಆಗುತ್ತಿಲ್ಲವಲ್ಲ’ ಎಂದು ನಾವು ಮರುಕಪಟ್ಟು ಎರಡನೇ ಸಲ ಉಪ್ಪಿಟ್ಟು ಬಡಿಸಿಕೊಂಡೆವು.

ಪಂದ್ಯ ಮುಗಿಯುವ ಹೊತ್ತಿಗೆ ಬೀರುವಿನಂಥವನೊಬ್ಬ ನುಗ್ಗಿ ಬಂದ. ಶಿವಾನಂದ ಹೋಗಿ ಅವನ ಎದೆಗೇ ಬಿದ್ದ. ಇಬ್ಬರೂ ಉರುಳಿದರು, ಚೆಂಡು ಜಾರಿತು. ನಮ್ಮ ಇನ್ನೊಬ್ಬ ಹುಡುಗ ಅದನ್ನೆತ್ತಿಕೊಂಡು ಮೈದಾನದುದ್ದಕ್ಕೂ ಓಡಿ ಗೆರೆ ದಾಟಿ ಬಿದ್ದ. “ಟ್ರೈ!”

“ಛೆ! ನಮ್ದೂ ಬರೀ ಟ್ರೈ ಆಗೋಯ್ತಲ್ಲಾ,” ಎಂದು ಮಲ್ಲಪ್ಪನವರು ಹಣೆ ಚಚ್ಚಿಕೊಂಡರು. ಮಂಗಳಾ ಮಾತ್ರ ಕುಣಿದಾಡುತ್ತಿದ್ದಳು. “ಮಾವ, ಟ್ರೈ ಅಂದ್ರೆ ಗೋಲು ಇದ್ದಂಗೆ! ನಾವು ಪಾಯಿಂಟ್ ಹೊಡೆದ್ಬುಟ್ವಿ!”

“ಅಂಗಾದ್ರೆ ಅವ್ರು ಅಷ್ಟೊತ್ತಿಂದ ಮಾಡಿದ್ದು?”

“ಅದೂ ಪಾಯಿಂಟೇ ಮಾವ. ಮೊದ್ಲೇ ಹೇಳಿದ್ರೆ, ಸೋಲ್ತಾವ್ರೆ ಅಂತ ನೀವು ಎದ್ದು ಹೋಗ್ಬುಡ್ತಿದ್ರಿ.”

ಆಮೇಲೆ ಪುಸ್ತಕ ತಿರುವಿ ನೋಡಿದೆ. ಹಿಂದಿನ ಕಾಲದಲ್ಲಿ ಗೆರೆಯಾಚೆ ಚೆಂಡು ಊರಿದರೆ ಅಂಕವೇ ಇರಲಿಲ್ಲವಂತೆ. ಅದನ್ನು ಕಂಬಗಳ ನಡುವೆ ಒದೆಯಲು ಟ್ರೈ ಮಾಡುವ ಹಕ್ಕಷ್ಟೇ ಸಿಗುತ್ತಿತ್ತಂತೆ. ಬರಬರುತ್ತಾ ಒದೆತಕ್ಕಿಂತ ಟ್ರೈಗೇ ಬೆಲೆ ಹೆಚ್ಚಾಯಿತು. ಮೈಸೂರಿನಲ್ಲಿ ಈ ಸುಧಾರಣೆ ಇನ್ನೂ ಆಗಬೇಕಿದೆ.

ನಾವು ಸೋತೆವು, ಅದೂ ಹೀನಾಯವಾಗಿ. ಆದರೆ ಸೀಟಿ ಊದಿದ ಮೇಲೆ ಗೆದ್ದವರು ಎರಡು ಸಾಲಾಗಿ ನಿಂತು, ಸೋತವರನ್ನು ನಡುವೆ ನಡೆಸಿ ಚಪ್ಪಾಳೆ ತಟ್ಟಿದರು. ಆ ಬೀರುವಿನಂಥವನು ಶಿವಾನಂದನ ಬೆನ್ನು ತಟ್ಟಿದ್ದು ಸ್ಪಷ್ಟವಾಗಿ ಕಾಣಿಸಿತು. ಮಲ್ಲಪ್ಪನವರು ಕನ್ನಡಕ ತೆಗೆದು ಪಂಚೆಯಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

ಮಲ್ಲಪ್ಪನವರ ಮನೆಯಲ್ಲಿ ಫೋನ್ ಇಲ್ಲದ್ದರಿಂದ ಸಂಜೆ ನಮ್ಮ ಮನೆಗೇ ಶಿವಾನಂದನ ಫೋನ್ ಬಂತು. ಮಲ್ಲಪ್ಪನವರು ಗಂಟಲು ಸರಿಮಾಡಿಕೊಂಡು ರಿಸೀವರ್ ಹಿಡಿದರು. ಮಂಗಳಾ ಬಾಗಿಲಿಗೆ ಬಂದು ನಿಂತಳು.

“ಏಟಾಯ್ತೇನೋ? ಇಲ್ವಾ? ಸರಿ. ಇಲ್ಲಿ ಕೇಳು, ಅಷ್ಟು ದಪ್ಪಗಿರೋನು ನುಗ್ಗಿದಾಗ ಎದೆಗ್ಯಾಕೋ ಹೋಗಿ ಬಿದ್ದೆ? ಕಾಲಿಗೆ ಬೀಳ್ಬೇಕು ಕಣೋ, ಕಾಲಿಗೆ! ತಾನೇ ಉರುಳ್ತಾನೆ. ಮುಂದಿನ ಮ್ಯಾಚಲ್ಲಿ ನೆನಪಿಟ್ಕೋ.”

ಮುಂದಿನ ಮ್ಯಾಚ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಂಗಳಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನಮ್ಮ ಕನ್ನಡದಲ್ಲಿ ಗೆಲುವು ಎಂದರೆ ಜಯವೂ ಹೌದು, ಮುಖದ ಮೇಲಿನ ಸಂತೋಷವೂ ಹೌದು. ಭಾರತ ಸೋತ ಆ ಸಂಜೆ ಮಲ್ಲಪ್ಪನವರು ಬಲು ಗೆಲುವಾಗಿದ್ದರು.