ಗೆರೆಯಾಚೆ ನಿಂತ ಹತ್ತನೇ ನಂಬರು

ಆರತಿಯ ನೀರು ಕೆಂಪಾಗಲಿಲ್ಲ.

ಮ್ಯಾಂಚೆಸ್ಟರ್ ಪಕ್ಕದ ಸೇಲ್ ಎಂಬ ಊರಿನಲ್ಲಿ ನನ್ನ ಗೆಳತಿ ಶೈಲಜಾ ಮನೆ ಕೊಂಡಿದ್ದಳು. ಅಂದು ಗೃಹಪ್ರವೇಶ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿ ತಟ್ಟೆಗೆ ಕೆಂಪು ನೀರು ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ಎಳೆದ ರಭಸಕ್ಕೆ ಅರಿಶಿನ ಹಾರಿ ಬಲಗಣ್ಣಿಗೆ ಬಿತ್ತು. ಆ ಕಣ್ಣು ಮುಚ್ಚಿಕೊಂಡೇ ಕಲಸಿದೆ. ನೀರು ಹಳೇ ಟೀಯ ಬಣ್ಣಕ್ಕೆ ತಿರುಗಿ ಅಲ್ಲೇ ನಿಂತಿತು. ಈ ದೇಶದ ಸುಣ್ಣಕ್ಕೆ ಸತ್ವವೇ ಇಲ್ಲ ಎಂದು ಗೊಣಗಿ ಇನ್ನೊಂದು ಚಿಟಿಕೆ ಹಾಕಿದೆ. ಮತ್ತೊಂದು ಹಾಕಿದೆ.

"ಸಾಕು ಮಾರಾಯ್ತಿ, ಎಷ್ಟು ಕೆಂಪು ಬೇಕು ನಿಂಗೆ?" ಎಂದಳು ಉಡುಪಿಯ ಶೈಲಜಾ.

ಬಲಗಣ್ಣು ತೊಳೆದುಕೊಂಡು ನೋಡಿದೆ. ಕಡುಗೆಂಪು. ಅದನ್ನು ಮುಚ್ಚಿ ಎಡಗಣ್ಣಿನಿಂದ ನೋಡಿದೆ. ಟೀ.

ಯಾರಿಗೂ ಹೇಳಲಿಲ್ಲ. ಆರತಿ ಎತ್ತಿದೆ, ಹೋಳಿಗೆ ಊಟ ಮಾಡಿದೆ, ಮನೆಗೆ ಬಂದೆ. ಮೂರು ದಿನದಿಂದ ಎಡಗಣ್ಣು ಹೊರಳಿಸಿದರೆ ಒಳಗಡೆ ಯಾರೋ ಎಳೆದ ಹಾಗೆ ನೋಯುತ್ತಿತ್ತು. ಸ್ಕ್ರೀನ್ ನೋಡಿ ನೋಡಿ ಹೀಗಾಗಿದೆ ಎಂದುಕೊಂಡಿದ್ದೆ. ಸ್ಕ್ರೀನ್ ನೋಡುವುದೇ ನನ್ನ ಉದ್ಯೋಗ.

ಸಾಲ್‌ಫರ್ಡ್‌ನ ಮೀಡಿಯಾಸಿಟಿ ಹತ್ತಿರ ನಮ್ಮ ಕಂಪನಿ. ಫುಟ್‌ಬಾಲ್ ಮ್ಯಾಚ್ ನಡೆಯುತ್ತಿರುವಾಗಲೇ ಚೆಂಡು ಯಾರ ಕಾಲಿಗೆ ಬಂತು, ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಒಂದೊಂದನ್ನೂ ಕೀ ಒತ್ತಿ ದಾಖಲಿಸುತ್ತೇವೆ. ಅದಕ್ಕೆ ಲಾಗಿಂಗ್ ಎನ್ನುತ್ತಾರೆ. ಒಂದು ತಂಡಕ್ಕೆ ಒಬ್ಬರು. ಟಿವಿಯಲ್ಲಿ ಕಾಮೆಂಟರಿಯವರು ಈ ಆಟಗಾರ ಇಷ್ಟು ಪಾಸ್ ಕೊಟ್ಟ ಎಂದು ಜಾಣತನ ತೋರಿಸುತ್ತಾರಲ್ಲ, ಆ ಜಾಣತನ ನಮ್ಮಂಥವರ ಬೆರಳಿನದು. ಮೈಸೂರಿನಲ್ಲಿ ನನ್ನ ಅಪ್ಪ ಕ್ಲಬ್ ಕ್ರಿಕೆಟ್‌ಗೆ ಸ್ಕೋರರ್ ಆಗಿದ್ದರು; ಭಾನುವಾರಗಳನ್ನು ಅವರ ಪಕ್ಕ ಕೂತು ಪೆನ್ಸಿಲ್ ಚೂಪು ಮಾಡುತ್ತಾ ಕಳೆದವಳು ನಾನು. ಗಂಡನ ಕೆಲಸದಿಂದಾಗಿ ಇಲ್ಲಿಗೆ ಬಂದಾಗ ನನಗೆ ಫುಟ್‌ಬಾಲ್ ಗೊತ್ತಿರಲಿಲ್ಲ, ತಪ್ಪಿಲ್ಲದೆ ಬರೆಯುವುದು ಗೊತ್ತಿತ್ತು. ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ನನ್ನಷ್ಟು ವೇಗವಾಗಿ ಲಾಗ್ ಮಾಡುವವರು ಇನ್ನೊಬ್ಬರಿರಲಿಲ್ಲ. ಇದನ್ನು ವಿನಯದಿಂದ ಹೇಳಲು ನನಗೆ ಬರುವುದಿಲ್ಲ.

ನನಗೆ ಮೊದಲು ಕೊಟ್ಟ ತಂಡದಲ್ಲಿ ಅವನಿದ್ದ. ಉರುಗ್ವೆಯವನು. ಹೆಸರು ಬರೆಯುವಂತಿಲ್ಲ, ಕೆಲಸದ ಕರಾರು ಹಾಗಿದೆ. ಅಂಗಿಯ ನಂಬರು ಹತ್ತು, ನಮ್ಮ ಮನೆಯಲ್ಲೂ ಅವನು ಹತ್ತೇ.

"ಹ್ಯಾಂಗ ಅದಾನ ನಿನ್ನ ಹತ್ತು?" ಎಂದು ಶನಿವಾರ ಸಂಜೆ ನನ್ನ ಗಂಡ ಸುಧೀಂದ್ರ ಕೇಳುತ್ತಿದ್ದರು. ಅವರು ಧಾರವಾಡದವರು.

"ಅವನು ಓಡಲ್ಲ ರೀ, ಬೇರೆಯವರನ್ನ ಓಡಿಸ್ತಾನೆ," ಎನ್ನುತ್ತಿದ್ದೆ.

ಅವನ ಕೆಲಸವೇ ಅದು. ಆಟ ಕಟ್ಟುವವನು, ಪ್ಲೇಮೇಕರ್. ಮೊದಲ ಚಳಿಗಾಲ ಕೈಗವಸು ಹಾಕಿಕೊಂಡು ಮೈದಾನದ ನಡುವೆ ಬಸ್ ಕಾಯುವವನಂತೆ ನಿಂತಿರುತ್ತಿದ್ದ. ಜನ ಸೋಮಾರಿ ಎಂದು ಕೂಗಿದರು. ಲಾಗ್ ಮಾಡುವವಳಿಗೆ ಮಾತ್ರ ಒಂದು ಗುಟ್ಟು ಗೊತ್ತಿತ್ತು. ಚೆಂಡು ಬರುವ ಮುಂಚೆ ಅವನು ಎರಡು ಸಲ ಹೆಗಲ ಮೇಲಿಂದ ಹಿಂದಕ್ಕೆ ತಿರುಗಿ ನೋಡುತ್ತಿದ್ದ. ಎರಡನೇ ಸಲ ಕುತ್ತಿಗೆ ಯಾವ ಕಡೆ ನಿಂತಿತೋ ಆ ಕಡೆಗೇ ಪಾಸು. ನಾನು ಆ ಕುತ್ತಿಗೆ ನೋಡಿಯೇ ಕೀ ಮೇಲೆ ಬೆರಳಿಡುತ್ತಿದ್ದೆ. ಆರು ಸೀಸನ್ ಹೀಗೆ ನಡೆಯಿತು. ಗಂಡನ ಮುಖವನ್ನೂ ನಾನು ಅಷ್ಟು ಓದಿಲ್ಲ.

ಆಮೇಲೆ ಅವನ ಮೊಣಕಾಲು ಕೈಕೊಟ್ಟಿತು. ಒಂದು ವರ್ಷ ಬೆಂಚಿನ ಮೇಲೆ ಕೂತ, ನಿವೃತ್ತನಾದ, ಎಲ್ಲೋ ಹುಡುಗರ ತಂಡಕ್ಕೆ ಕಲಿಸಿದ. ನನಗೆ ಕಾಯಿಲೆ ಬಂದ ವರ್ಷವೇ ಯಾರ್ಕ್‌ಷೈರ್‌ನ ಒಂದು ಚಿಕ್ಕ ಕ್ಲಬ್ಬಿಗೆ ಮ್ಯಾನೇಜರ್ ಆಗಿ ಬಂದ. ಆ ತಂಡವನ್ನು ನಾನು ಕೇಳಿ ಪಡೆದೆ. ಅವರದು ಕೆಂಪಂಗಿ.

ಗೃಹಪ್ರವೇಶದ ಮುಂದಿನ ಶನಿವಾರ ಅವರ ಮ್ಯಾಚು. ವಿರಾಮದಲ್ಲಿ ಬಲಗಣ್ಣಿಗೆ ಅಂಗೈ ಮುಚ್ಚಿದೆ. ಅವರ ಕೆಂಪಂಗಿಗಳಿಗೆಲ್ಲ ತುಕ್ಕು ಹಿಡಿದಿತ್ತು.

"ನಾಳೆ ಅಲ್ಲ, ಈಗ ನಡಿ," ಎಂದರು ಸುಧೀಂದ್ರ, ಅಂದು ಸಂಜೆ ನಾನು ಕಡೆಗೂ ಬಾಯಿಬಿಟ್ಟಾಗ. ಕಣ್ಣಾಸ್ಪತ್ರೆಯ ಡಾಕ್ಟರು ಕೆಂಪು ಪೆನ್ನಿನ ಮುಚ್ಚಳ ಎತ್ತಿ ಹಿಡಿದು, ಎರಡು ಕಣ್ಣಿಗೂ ಒಂದೇ ಕೆಂಪು ಕಾಣುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಆಪ್ಟಿಕ್ ನ್ಯೂರೈಟಿಸ್ ಎಂದರು. ಕಣ್ಣಿನಿಂದ ಮಿದುಳಿಗೆ ಹೋಗುವ ನರ ಊದಿದೆ, ಮಿದುಳಿನ ಎಂಆರ್‌ಐ ಮಾಡಿಸಬೇಕು.

ಎಂಆರ್‌ಐ ಸುರಂಗದೊಳಗೆ ಅಲುಗಾಡಬಾರದು. ತಲೆಯ ಸುತ್ತ ಬಡಿಯುವ ಸದ್ದು. ದೇವರ ನಾಮ ನೆನಪು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಹತ್ತು ಆಡಿದ ಒಂದು ಹಳೆಯ ಮ್ಯಾಚನ್ನು ಮೊದಲ ನಿಮಿಷದಿಂದ ಮನಸ್ಸಿನಲ್ಲೇ ಲಾಗ್ ಮಾಡಿದೆ. ಮೊದಲರ್ಧ ಮುಗಿಯುವ ಹೊತ್ತಿಗೆ ಹೊರಗೆಳೆದರು. ಆಮೇಲೆ ಬೆನ್ನುಮೂಳೆಯೊಳಗಿನ ನೀರು ತೆಗೆಯುವ ಲಂಬಾರ್ ಪಂಕ್ಚರ್, ಮೂರು ದಿನ ತಲೆನೋವು, ಕಾಯುವುದು.

ನ್ಯೂರಾಲಜಿ ಡಾಕ್ಟರು ನಿಧಾನಕ್ಕೆ ಮಾತಾಡುವ ಹೆಂಗಸು. ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿದರು. ಮಿದುಳಿನಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳು.

ಎಂಎಸ್.

ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆಯನ್ನು ಮೈಯ ಕಾವಲಿನವರೇ ಶತ್ರು ಎಂದು ತಿಳಿದು ತಿನ್ನುತ್ತಾರೆ. ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಹಿಡಿದಿಡುವ ಒಳ್ಳೆಯ ಔಷಧಿಗಳಿವೆ, ಆರು ತಿಂಗಳಿಗೊಮ್ಮೆ ಡ್ರಿಪ್ ಎಂದರು. ನಾನು ಕೇಳಿದ್ದು ಒಂದೇ ಪ್ರಶ್ನೆ. ಲೈವ್ ಲಾಗಿಂಗ್ ಮಾಡಬಹುದೇ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಒಬ್ಬೊಬ್ಬರಿಗೆ ಒಂದೊಂದು ಥರ, ನೋಡೋಣ ಎಂದರು. ನನಗೆ ಸಿಟ್ಟು ಬಂತು. ನೋಡುವುದೇ ಅಲ್ಲವೇ ನನಗೆ ಆಗದೆ ಇರುವುದು.

ಮನೆಯಲ್ಲಿ ಹದಿನಾಲ್ಕರ ಮಗಳು ಅನಘಾ ಬಾಗಿಲಲ್ಲೇ ಕಾದಿದ್ದಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಅಮ್ಮಾ, ಯು ಆರ್ ನಾಟ್ ಡೈಯಿಂಗ್, ರೈಟ್?"

"ಇಲ್ಲ ಪುಟ್ಟಾ."

"ದೆನ್ ವೈ ಈಸ್ ಅಪ್ಪ ಕ್ಲೀನಿಂಗ್ ದಿ ಅವನ್?"

ಸುಧೀಂದ್ರ ಕೋಟೂ ಬಿಚ್ಚದೆ ಅವನ್ ಉಜ್ಜುತ್ತಿದ್ದರು. ಹದಿನೆಂಟು ವರ್ಷದ ಸಂಸಾರದಲ್ಲಿ ಅದನ್ನು ಮುಟ್ಟಿದವರಲ್ಲ. ನಾನು ನಕ್ಕೆ, ಆಮೇಲೆ ಅತ್ತುಬಿಟ್ಟೆ, ಆಮೇಲೆ ಮೂವರೂ ಟೋಸ್ಟ್ ತಿಂದೆವು.

ಎರಡು ತಿಂಗಳಲ್ಲಿ ಕಣ್ಣು ಬಹಳ ಮಟ್ಟಿಗೆ ತಿಳಿಯಾಯಿತು. ಬಿಸಿನೀರಿನಲ್ಲಿ ತಲೆಗೆ ಸ್ನಾನ ಮಾಡಿದ ದಿನ ಒಂದರ್ಧ ಗಂಟೆ ಮಂಜು ಕವಿಯುತ್ತಿತ್ತು, ಅಷ್ಟೆ. ಗೆದ್ದೆ ಎಂದುಕೊಂಡೆ. ಆಫೀಸಿನಲ್ಲಿ ಕಣ್ಣಿನ ಸೋಂಕು ಎಂದು ಹೇಳಿ ನನ್ನ ಕುರ್ಚಿಗೆ ಮರಳಿದೆ. ನಾಲ್ಕು ಜನರಿಗೆ ತಿಳಿದರೆ ಮರುಕ ಶುರುವಾಗುತ್ತದೆ. ಮರುಕ ಶುರುವಾದ ಮೇಲೆ ಲೈವ್ ಮ್ಯಾಚು ಯಾರು ಕೊಡುತ್ತಾರೆ?

ಅತ್ತ ಹತ್ತು ಸೋಲುತ್ತಿದ್ದ. ಒಂದಾದ ಮೇಲೊಂದು ಐದು ಮ್ಯಾಚು. ನಮಗೆ ಬರುವ ಚಿತ್ರದಲ್ಲಿ ಟಿವಿಯವರು ಕತ್ತರಿಸಿ ಬಿಡುವ ಭಾಗವೂ ಇರುತ್ತದೆ, ಮೈದಾನದ ಅಂಚಿನಲ್ಲಿ ನಿಂತ ಅವನು ಕಾಣುತ್ತಿದ್ದ. ಗೆರೆ ದಾಟುವಂತಿಲ್ಲ. ಚೆಂಡು ತನ್ನ ಆಟಗಾರನ ಹತ್ತಿರ ಬರುತ್ತಿದ್ದ ಹಾಗೆ ಇವನ ಎಡಗಾಲು ತಾನಾಗಿ ಗಾಳಿಯಲ್ಲಿ ಒದೆಯುತ್ತಿತ್ತು. ತನಗೆ ಕಂಡ ಪಾಸನ್ನು ಕೂಗಿ ಹೇಳುತ್ತಿದ್ದ. ಅವರು ಅವನ ಕಡೆ ತಿರುಗುವಷ್ಟರಲ್ಲಿ ಚೆಂಡು ಕೈತಪ್ಪಿ ಹೋಗಿರುತ್ತಿತ್ತು. ನೋಡಲು ಸಂಕಟವಾಗುತ್ತಿತ್ತು. ಸುಮ್ಮನಿರಬಾರದೇ ಮಹರಾಯ ಎಂದುಕೊಳ್ಳುತ್ತಿದ್ದೆ. ಬೇರೆಯವರಿಗೆ ಬುದ್ಧಿ ಹೇಳುವುದರಲ್ಲಿ ನಾನು ಮುಂದು.

ಆರನೇ ಮ್ಯಾಚಿನ ದಿನ ನನ್ನ ಬಲಗೈಯ ಕೊನೆಯ ಎರಡು ಬೆರಳು ಮರಗಟ್ಟಿದ್ದವು. ಕೈ ಮೇಲೆ ಮಲಗಿದ್ದೆನೇನೋ ಎಂದುಕೊಂಡೆ. ಕೀ ತಾಗಿದ್ದೇ ಗೊತ್ತಾಗುತ್ತಿರಲಿಲ್ಲ. ಕೀಬೋರ್ಡ್ ಸರಿಯಿಲ್ಲ ಎಂದು ಬೇರೆ ತರಿಸಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎರಡನೇ ಅರ್ಧ ಪೂರ್ತಿ ಆರನೇ ನಂಬರಿನವನ ಪಾಸುಗಳನ್ನು ಎಂಟನೇ ನಂಬರಿನವನ ಹೆಸರಿಗೆ ಬರೆದೆ.

ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಲಾಗ್ ವಾಪಸ್ ಬಂತು.

ನಮ್ಮ ಮೇಲ್ವಿಚಾರಕಿ ಹೆಲೆನ್ ಬಾಗಿಲು ಮುಚ್ಚಿ ಕೂರಿಸಿದಳು. ಬೈಯಲಿಲ್ಲ. ನಿನಗೆ ಏನಾಗಿದೆ ಎಂದು ಕೇಳಿದಳು. ಏನೂ ಇಲ್ಲ ಎನ್ನಲು ಬಾಯಿ ತೆರೆದೆ, ಎಂಎಸ್ ಎಂಬ ಮಾತು ಹೊರಬಂತು. ಹೊರಗಿನವರಿಗೆ ಅದನ್ನು ಹೇಳಿದ್ದು ಅದೇ ಮೊದಲು. ಅವಳು, ಹೊಸ ಲಾಗರ್‌ಗಳಿಗೆ ತರಬೇತಿ ಕೊಡುವ ಕೆಲಸವಿದೆ, ವೇಗ ಬೇಕಿಲ್ಲ, ವಾರಕ್ಕೆ ನಾಲ್ಕು ದಿನ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮೂಲೆಗೆ ಕೂರಿಸಿದ ಹಾಗೆ ಕೇಳಿಸಿತು. ಯೋಚಿಸಿ ಹೇಳುತ್ತೇನೆ ಎಂದು ಎದ್ದೆ.

"ಕಲಿಸೂದಂದ್ರ ಏನ್ ಕಡಿಮೀನ?" ಎಂದರು ಸುಧೀಂದ್ರ.

"ಕಲಿಸೋದು ಆಡಕ್ಕಾಗದೆ ಇರೋರ ಕೆಲಸ."

"ಹಂಗಾರ ನಿನ್ನ ಹತ್ತು?"

ಮಾತಿನಲ್ಲಿ ಗೆದ್ದ ಗಂಡನಿಗೆ ಉತ್ತರ ಕೊಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.

ಬೆರಳು ಮರಗಟ್ಟಿದ್ದು ರಿಲ್ಯಾಪ್ಸ್, ಕಾಯಿಲೆ ಮತ್ತೆ ಕೆರಳಿದೆ ಎಂದರು ಡಾಕ್ಟರು. ಮೂರು ದಿನ ಸ್ಟೀರಾಯ್ಡ್ ಕೊಟ್ಟರು, ತಡವಾಗಿದ್ದ ಮೊದಲ ಡ್ರಿಪ್ ಶುರುವಾಯಿತು. ಒಂದು ಬೆರಳು ಮರಳಿತು. ಕಿರುಬೆರಳು ಅರ್ಧ ಮಾತ್ರ. ಆರು ವಾರ ಮನೆಯಲ್ಲೇ ಇದ್ದೆ. ಮಧ್ಯಾಹ್ನ ಒಂದು ಮೆಟ್ಟಿಲು ಹತ್ತಿದರೆ ಮೂಟೆ ಹೊತ್ತ ಸುಸ್ತು. ಅನ್ನಕ್ಕಿಟ್ಟು ಕುಕ್ಕರ್ ಕೂಗುವ ಮುಂಚೆ ನಿದ್ದೆ ಬರುತ್ತಿತ್ತು. ಬೇರೇನೂ ಆಗದ್ದರಿಂದ ಹತ್ತರ ತಂಡದ ಮ್ಯಾಚುಗಳನ್ನು ಸುಮ್ಮನೆ ನೋಡಿದೆ. ಕೀ ಇಲ್ಲದೆ, ಲೆಕ್ಕವಿಲ್ಲದೆ, ಸೋಫಾದ ಮೇಲೆ ಕಾಲು ಚಾಚಿ. ಹಾಗೆ ಫುಟ್‌ಬಾಲ್ ನೋಡಿದ್ದು ಬದುಕಿನಲ್ಲೇ ಮೊದಲು.

ಅವರು ಗೆಲ್ಲತೊಡಗಿದ್ದರು. ದೊಡ್ಡ ಗೆಲುವಲ್ಲ, ಒಂದು ಗೋಲು, ಒಂದು ಡ್ರಾ. ಏನು ಬದಲಾಯಿತೆಂದು ಎರಡು ಮ್ಯಾಚಿನವರೆಗೆ ತಿಳಿಯಲಿಲ್ಲ. ಮೂರನೆಯದರಲ್ಲಿ ಕಂಡಿತು. ಚೆಂಡು ಬರುವ ಮುಂಚೆ ಅವನ ತಂಡದ ದಪ್ಪ ಕುತ್ತಿಗೆಯ ಡಿಫೆಂಡರ್ ಕೂಡ ಹೆಗಲ ಮೇಲಿಂದ ತಿರುಗಿ ನೋಡುತ್ತಿದ್ದ. ಎರಡು ಸಲ. ಎಲ್ಲರೂ ನೋಡುತ್ತಿದ್ದರು. ಟಿವಿಯವರು ತೋರಿಸಿದಾಗೆಲ್ಲ ಹತ್ತು ಗೆರೆಯಾಚೆ ಜೇಬಿನಲ್ಲಿ ಕೈಯಿಟ್ಟು ನಿಂತಿದ್ದ. ಅವನ ಕಾಲು ಅಲುಗುತ್ತಿರಲಿಲ್ಲ. ತನಗೆ ಕಂಡ ಪಾಸನ್ನು ಹೇಳುವುದು ಬಿಟ್ಟು ನೋಡುವುದನ್ನು ಕಲಿಸಿದ್ದ. ಅದಕ್ಕೆ ಅವನು ಎಷ್ಟು ಹಲ್ಲು ಕಚ್ಚಿಕೊಂಡಿರಬೇಕು ಎಂದು ಯೋಚಿಸಿದೆ. ಆ ಕೆಲಸ ದಾಖಲಿಸಲು ನಮ್ಮ ಕೀಬೋರ್ಡಿನಲ್ಲಿ ಒಂದು ಕೀಯೂ ಇಲ್ಲ.

ಸೋಮವಾರ ಹೆಲೆನ್‌ಗೆ ಫೋನ್ ಮಾಡಿ ಬರುತ್ತೇನೆ ಎಂದೆ.

ನನ್ನ ಕೈಗೆ ಬಂದ ಮೊದಲ ಶಿಷ್ಯೆ ಡೆನೀಸ್. ಐವತ್ತು ದಾಟಿದವಳು, ಮೂವತ್ತು ವರ್ಷ ಲೈಬ್ರರಿಯಲ್ಲಿದ್ದವಳು, ಪುಸ್ತಕ ಜೋಡಿಸುವಷ್ಟೇ ನಿಧಾನಕ್ಕೆ ಕೀ ಒತ್ತುವವಳು. ಮೊದಲ ವಾರಗಳಲ್ಲಿ ಅವಳ ಹಿಂದೆ ನಿಂತ ನನ್ನ ಬೆರಳು ಅವಳ ಕುರ್ಚಿಯ ಬೆನ್ನಿನ ಮೇಲೆ ತಾನೇ ಕೀ ಒತ್ತುತ್ತಿತ್ತು. ಎಂಟು, ಎಂಟು, ನಾಲ್ಕು ಎಂದು ಕೂಗಿಬಿಡುತ್ತಿದ್ದೆ. ಅವಳು ಗಾಬರಿಯಾಗಿ ನನ್ನ ಕಡೆ ತಿರುಗುತ್ತಿದ್ದಳು, ಅಷ್ಟರಲ್ಲಿ ಮೂರು ಪಾಸು ತಪ್ಪಿರುತ್ತಿದ್ದವು. ಒಂದು ದಿನ ಅವಳು ಹೆಡ್‌ಫೋನ್ ತೆಗೆದಿಟ್ಟು, ಕೇಳುವುದಕ್ಕೂ ನೋಡುವುದಕ್ಕೂ ತನಗಿರುವುದು ಒಂದೇ ತಲೆ ಎಂದಳು. ಅವಮಾನವಾಯಿತು. ನಿಜವೂ ಆಗಿತ್ತು. ಅಂದಿನಿಂದ ಕೀಬೋರ್ಡ್ ಬಿಡಿಸಿ, ಆಟಗಾರರ ಕುತ್ತಿಗೆ ನೋಡಲು ಮಾತ್ರ ಹೇಳಿದೆ. ಎರಡು ವಾರ ಬರೀ ಕುತ್ತಿಗೆ. ಹೆಲೆನ್ ಹುಬ್ಬೇರಿಸಿದಳು, ಬೇಡ ಎನ್ನಲಿಲ್ಲ.

ಹೋದ ತಿಂಗಳು ಆರು ತಿಂಗಳ ಸ್ಕ್ಯಾನ್ ಆಯಿತು. ಹೊಸ ಚುಕ್ಕೆ ಇಲ್ಲ. ಮುಂದೆಯೂ ಹೀಗೇ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಸುಧೀಂದ್ರ ನನ್ನ ಅರ್ಧ ಬೆರಳನ್ನು ಹಿಡಿದುಕೊಂಡೇ ಕೂತಿದ್ದರು. ಇಷ್ಟು ಸಿಕ್ಕಿದ್ದಕ್ಕೆ ನನಗೆ ಸಂತೋಷವಿದೆ. ಭಯವೂ ಇದೆ. ಎರಡೂ ಒಂದೇ ಮನೆಯಲ್ಲಿ ಇರುವುದನ್ನು ಕಲಿಯುತ್ತಿವೆ.

ಕಳೆದ ಶನಿವಾರ ಡೆನೀಸಳ ಮೊದಲ ಲೈವ್ ಮ್ಯಾಚು. ತಂಡ ಹತ್ತರದು. ನನ್ನ ಹಳೆಯ ಕುರ್ಚಿ. ಅವಳ ಮುಖ ಕಾಣುವ ಹಾಗೆ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಮೊದಲರ್ಧದಲ್ಲಿ ಅವಳು ಕೆಲವು ತಪ್ಪು ಮಾಡಿದಳು, ತಾನೇ ಕಂಡುಕೊಂಡು ತಿದ್ದಿದಳು. ನಾನು ಬಾಯಿ ತೆರೆಯಲಿಲ್ಲ. ಎರಡನೇ ಅರ್ಧದ ಕೊನೆಗೆ ಅವಳ ಕಣ್ಣು ತಟ್ಟನೆ ಸ್ಕ್ರೀನಿನ ಬಲಕ್ಕೆ ಸರಿಯಿತು, ಬೆರಳು ಚೆಂಡಿಗಿಂತ ಮೊದಲೇ ಹೋಗಿ ಕೀ ಮೇಲೆ ಕೂತಿತು. ಒತ್ತಿದಳು, ಮತ್ತೆ ಒತ್ತಿದಳು, ಮತ್ತೆ. ಕೋಣೆಯಲ್ಲಿ ಯಾರೋ ಗೋಲ್ ಎಂದರು.

ಕೊನೆಯ ಶಿಳ್ಳೆಯಾದ ಮೇಲೆ ಡೆನೀಸ್ ಹೆಡ್‌ಫೋನ್ ತೆಗೆದಳು. ಕುತ್ತಿಗೆ ಬೆವರಿತ್ತು. ಆ ಗೋಲಿಗೆ ಪಾಸು ಕೊಟ್ಟವನು ಆರನೇ ನಂಬರಿನವನೇ ತಾನೆ, ನಿನಗೂ ಹಾಗೇ ಕಂಡಿತೇ ಎಂದು ಕೇಳಿದಳು.

ನನಗೆ ಗೊತ್ತಿಲ್ಲ ಎಂದೆ. ಗೋಲು ನಾನು ನೋಡಲೇ ಇಲ್ಲ, ನಿನ್ನನ್ನು ನೋಡುತ್ತಿದ್ದೆ.