ಡೋಣಿಯೊಳಗಿನ ಗಪ್ಪಿಗಳಲ್ಲಿ ಹೆಣ್ಣು ಯಾವುದು?

“ಎಲ್ಲಾ ಗಂಡೇ ಅವಲ್ರೀ, ಅಕ್ಕಾರ!”

ಮಲೇರಿಯಾ ಖಾತೆಯ ರಸೂಲ್ ಸಾಹೇಬರು ನಮ್ಮ ಅಂಗಳದ ಕಲ್ಲಿನ ಡೋಣಿಯ ನೀರಿಗೆ ಬಗ್ಗಿ ನೋಡಿ ನಕ್ಕರು. ನನ್ನ ಹೆಂಡತಿ ಶಾಂತವ್ವ ನಗಲಿಲ್ಲ.

ಹೋದ ಮಳೆಗಾಲದಲ್ಲಿ ಚಳಿಜ್ವರ ನಮ್ಮ ಒಬ್ಬನೇ ಮಗನನ್ನು ಒಯ್ದಿತು. ಆಮೇಲೆ ಶಾಂತವ್ವ ಮಾತೇ ಕಡಿಮೆ ಮಾಡಿದ್ದಳು. ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಆಳಂದಕ್ಕೆ ಬಂದಿವೆ ಎಂದು ಕೇಳಿದ್ದೇ ತಡ, ಬೇಕೆಂದು ಹಟ ಹಿಡಿದಳು. (ನಮ್ಮದು ಮೀನಿನ ವಾಸನೆಗೇ ಮೂಗು ಮುಚ್ಚುವ ಮನೆ!) ಸಾಹೇಬರ ಡಬ್ಬಿಯಿಂದ ಬಣ್ಣಬಣ್ಣದವನ್ನೇ ಆರಿಸಿಕೊಂಡಳು. “ಉದ್ದ ಬಾಲದ್ದು ಹೆಣ್ಣು, ಗ್ಯಾರಂಟಿ” ಎಂದವನು ನಾನು. ಸೆರಗು ಬಿಟ್ಟಂತೆ ಕಾಣುತ್ತಿತ್ತಲ್ಲ?

ದಿನಾ ಬಗ್ಗಿ ನೋಡಿದಳು. ಒಂದು ಮರಿಯೂ ಇಲ್ಲ. ಅದಕ್ಕೇ ಸಾಹೇಬರನ್ನು ಮನೆಗೆ ಕರೆಸಿದ್ದು.

“ಹಂಗಾದ್ರ ಹೆಣ್ಣು ಹೆಂಗಿರ್ತದ್ರಿ?” ಎಂದು ಸಾಹೇಬರನ್ನು ಕೇಳಿದಳು.

“ಬಣ್ಣ ಎಲ್ಲಾ ಗಂಡಿಗೇ ರೀ. ಹೆಣ್ಣು ಬೂದಿಬಣ್ಣ, ಮೈಯಾಗ ದೊಡ್ಡದು. ಬಾಲದ ಹತ್ರ ಹೊಟ್ಟಿ ಮ್ಯಾಲ ಕರಿ ಮಚ್ಚಿ ನೋಡ್ರಿ. ಅದು ದಟ್ಟ ಆತಂದ್ರ ಬಸರಿ.”

ಅಂಥ ಎರಡನ್ನು ಕೊಟ್ಟುಹೋದರು. ಗಪ್ಪಿ ತತ್ತಿ ಇಡುವುದಿಲ್ಲ, ಮರಿಯನ್ನೇ ಹಾಕುತ್ತದಂತೆ. ದೊಡ್ಡ ಮೀನುಗಳು ಆ ಮರಿಗಳನ್ನು ನುಂಗಿಬಿಡುತ್ತವಂತೆ. ಇದನ್ನು ಕೇಳಿದ ಶಾಂತವ್ವ ಗಾಜಿನ ಭರಣಿಯೊಂದನ್ನು ಖಾಲಿ ಮಾಡಿ, ಹೊಟ್ಟೆ ಉಬ್ಬಿದ್ದನ್ನು ಅದರಲ್ಲಿ ಬೇರೆ ಇಟ್ಟಳು. ನೀರಿಗೆ ಒಂದಿಷ್ಟು ಪಾಚಿ ಹಾಕಿದಳು, ಮರಿಗಳಿಗೆ ಮರೆಯಾಗಲೆಂದು.

ಮೊನ್ನೆ ಬೆಳಿಗ್ಗೆ ನಾನು ತಲೆಗೆ ಪಟಗಾ ಸುತ್ತಿಕೊಳ್ಳುತ್ತಿದ್ದೆ.

“ಏನ್ರಿ! ಲಗೂನ ಬರ್ರಿ! ಹಡದಾಳ್ರಿ!”

ಎಷ್ಟು ತಿಂಗಳಾಗಿತ್ತು ಆ ದನಿ ಕೇಳಿ! ಓಡಿದೆ. ಪಾಚಿಯ ನಡುವೆ ಸಾಸಿವೆಗಣ್ಣಿನ ಮರಿಗಳು. ಶಾಂತವ್ವ ತಾಯಿಯನ್ನು ಮೆಲ್ಲಗೆ ಎತ್ತಿ ಡೋಣಿಗೆ ಬಿಟ್ಟಳು.

ಸುದ್ದಿ ಕೇಳಿ ಪಕ್ಕದ ಮನೆಯ ಕಲ್ಲವ್ವ ಸೊಂಟದ ಮೇಲೆ ಕೂಸು ಹೊತ್ತು ಬಂದಳು. ಮಗ ಹೋದಾಗಿನಿಂದ ಶಾಂತವ್ವ ಯಾರ ಕೂಸನ್ನೂ ಕಣ್ಣೆತ್ತಿ ನೋಡಿರಲಿಲ್ಲ.

ಈಗ ಅವಳೇ ಕೈ ಒರೆಸಿಕೊಂಡು ಕೂಸಿನ ಕಾಲು ಹಿಡಿದು ನೋಡಿದಳು. ಸೊಳ್ಳೆ ಕಡಿದ ಕೆಂಪು ಗುರುತುಗಳು.

“ನಿಮ್ಮ ನೀರಿನ ತೊಟ್ಟಿ ಮುಚ್ಚಂಗಿಲ್ಲೇನ ಬೇ? ಇವನ್ನ ಒಯ್ದು ಬಿಡು. ಒಂದು ಬಣ್ಣದ್ದು, ಒಂದು ಬೂದಿದು. ಬರೇ ಚೆಂದದ್ದು ನೋಡಿ ಒಯ್ದ್ರ ನಮ್ಮಂಗ ಆಗ್ತದ!”

ಎರಡು ಮೀನು ಹಾಕಿದ ತಂಬಿಗೆಯನ್ನು ಕಲ್ಲವ್ವನ ಕೈಗೆ ಕೊಟ್ಟು ಕೂಸನ್ನು ತಾನೇ ಎತ್ತಿಕೊಂಡಳು.

ನಮ್ಮ ತೊಟ್ಟಿಲು ತುಂಬುವುದು ಯಾವ ಮೀನಿಗೂ ಆಗದು. ಆದರೆ ಪಕ್ಕದ ಮನೆಯ ತೊಟ್ಟಿಲು ಖಾಲಿಯಾಗದಂತೆ ನೋಡಿಕೊಳ್ಳುವವಳನ್ನು ತಾಯಿಯಲ್ಲ ಎನ್ನಲು ಯಾರಿಗೆ ಬಾಯಿ ಬಂದೀತು?