ಅಂಗೈಯಗಲದ ಫ್ರೇಮಿಗೆ ತಿಮಿಂಗಿಲ

ಕಸೂತಿ ಅಂಗಡಿಯ ಮಾಲೀಕನ ಕೈಕೆಳಗೆ ಹೂಬಳ್ಳಿ ಹೊಲಿದು ಹೊಲಿದು ಸಾಕಾಗಿ, ದಾರದಕ್ಕ ಮನೆಯಲ್ಲೇ ಕಸೂತಿ ಯಂತ್ರ ಇಟ್ಟುಕೊಂಡಳು. ಮೈಮೇಲೆ ಸದಾ ಒಂದೆಳೆ ಅಂಟಿಕೊಂಡಿರುವುದರಿಂದ ಓಣಿಯವರು ಇಟ್ಟ ಹೆಸರು ಅದು. ಮೊದಲ ದೊಡ್ಡ ಕೆಲಸ ಬಂದದ್ದು ಆಸ್ಪತ್ರೆಯ ಮಕ್ಕಳ ವಾರ್ಡಿನಿಂದ: ಕಿಟಕಿಗಳಿಗೆಲ್ಲ ಚಿತ್ರದ ಪರದೆ. ಇದು ಕೈತಪ್ಪಿದರೆ ಮತ್ತೆ ಅದೇ ಮಾಲೀಕನ ಬಾಗಿಲು.

ಮೊಬೈಲಿನಲ್ಲಿ, ಕಸೂತಿ ಚಿತ್ರ ಮಾರುವ ಪುಟವೊಂದರಲ್ಲಿ, ಒಂದು ತಿಮಿಂಗಿಲ ಕಂಡಳು. ಪುಟ್ಟ ಮೀನುಗಳ ಜೊತೆ ಮೋಡಗಳ ನಡುವೆ ಈಜುತ್ತಿತ್ತು. ನೀಲಿ ಎಲ್ಲಿ ಮುಗಿಯಿತೋ, ಬೂದು ಎಲ್ಲಿ ಶುರುವಾಯಿತೋ. ವಾರ್ಡಿನ ನರ್ಸಮ್ಮನಿಗೆ ಅದನ್ನೇ ತೋರಿಸಿ ಒಪ್ಪಿಸಿದಳು, ಆಮೇಲೆ ಅದರ ಫೈಲ್ ಕೊಂಡಳು. ಆ ಮಧ್ಯಾಹ್ನವೆಲ್ಲ ಮನೆಯ ಗೋಡೆಗಳು ನೀರಾಗಿದ್ದವು. ಪಾತ್ರೆ ತೊಳೆಯುವಾಗಲೂ ಕಿಟಕಿಯಾಚೆ ದೊಡ್ಡ ಬಾಲವೊಂದು ನಿಧಾನವಾಗಿ ತಿರುಗುತ್ತಿತ್ತು.

ಪೆನ್‌ಡ್ರೈವ್ ಚುಚ್ಚಿದರೆ ಯಂತ್ರಕ್ಕೆ ಏನೂ ಕಾಣಲಿಲ್ಲ. ಫೈಲ್ ಹೆಸರಿನ ಕೊನೆಯ ಮೂರಕ್ಷರ ಬೇರೆ ಇದ್ದವು. ಅವನ್ನು ಅಳಿಸಿ, ತನ್ನ ಯಂತ್ರ ಓದುವ ಅಕ್ಷರಗಳನ್ನು ಬರೆದಳು. ಈಗ ಹೆಸರು ಬಂತು, ತಿಮಿಂಗಿಲ ಬರಲಿಲ್ಲ.

ಮೈದುನ ನಕ್ಕ. "ಉಪ್ಪಿನ ಡಬ್ಬಿ ಮೇಲೆ ಸಕ್ಕರೆ ಅಂತ ಚೀಟಿ ಅಂಟಿಸಿದ್ರೆ ಚಹಾ ಸಿಹಿ ಆಗತ್ತಾ ಅತ್ತಿಗೆ?"

"ಬಾಯಿ ಮುಚ್ಕೊಂಡು ಮಾರಿದವರಿಗೆ ಫೋನ್ ಮಾಡ್ಕೊಡು."

ಚಿತ್ರ ಮಾರಿದವಳು ಮೆತ್ತಗೆ ಹೇಳಿದಳು: "ನಿಮ್ಮ ಮಷೀನಿಗೆ ಆಗೋ ಫೈಲ್ ಕಳಿಸ್ತೀನಿ ಮೇಡಂ. ಬಟ್ಟೆ ಬಿಗಿಯೋ ಫ್ರೇಮ್ ಎಷ್ಟು ದೊಡ್ಡದಿದೆ?"

"ಅಂಗೈಯಗಲ."

"ಹಾಗಾದ್ರೆ ಅದರಲ್ಲಿ ತಿಮಿಂಗಿಲದ ಕಣ್ಣು ಮಾತ್ರ ಹಿಡಿಯತ್ತೆ. ಸಣ್ಣದು ಮಾಡಿದ್ರೆ ಹೊಲಿಗೆ ಒತ್ತಾಗಿ ಬಟ್ಟೆ ಸುಕ್ಕಾಗತ್ತೆ. ಎಲ್ಲಾ ಕೆಳಗೆ ಬರೆದಿದೀವಲ್ಲ."

ಬರೆದಿದ್ದರು, ಸುಳ್ಳಲ್ಲ. ತಿಮಿಂಗಿಲವನ್ನು ಕಣ್ತುಂಬ ತೋರಿಸಿ, ಅದು ಯಾವ ಯಂತ್ರಕ್ಕೆ ಆಗದು ಎಂಬುದನ್ನು ಪುಟದ ತಳದಲ್ಲಿ ಇರುವೆ ಸಾಲಿನಂತೆ ಬರೆಯುವುದು ಯಾವ ಸೀಮೆಯ ಪ್ರಾಮಾಣಿಕತೆ? ಆದರೆ ಅಳತೆ ತೆಗೆಯದೆ ರವಿಕೆಯ ಒಂದು ತೋಳನ್ನೂ ಕತ್ತರಿಸದವಳು, ತನ್ನ ಯಂತ್ರದ ಅಳತೆ ನೋಡದೆ ಕನಸು ಕೊಂಡದ್ದೂ ನಿಜ. ಅದನ್ನೇ ಇನ್ನೊಬ್ಬರಿಗೆ ತೋರಿಸಿ ಆಸೆ ಹುಟ್ಟಿಸಿದ್ದು ಅದಕ್ಕಿಂತ ದೊಡ್ಡ ತಪ್ಪು.

ಹೊಸ ಫೈಲಿನಿಂದ ಒಂದು ಪುಟ್ಟ ಮೀನನ್ನಷ್ಟೇ ಹೊಲಿದಳು. ಮೊಬೈಲು ಮನೆಯಲ್ಲಿ ಬಿಟ್ಟು, ಬಟ್ಟೆ ಹಿಡಿದು ವಾರ್ಡಿಗೆ ಹೋದಳು.

"ತಿಮಿಂಗಿಲ ಎಲ್ಲಿ ಅಮ್ಮ?"

"ನನ್ನ ಮಷೀನಲ್ಲಿ ಆಗಲ್ಲ ಸಿಸ್ಟರ್, ನೋಡ್ದೆ ಒಪ್ಕೊಂಡುಬಿಟ್ಟೆ. ಆಗೋದು ಇಷ್ಟೇ ಅಳತೆ, ಇವಿಷ್ಟೇ ಬಣ್ಣ. ಬೇಡ ಅಂದ್ರೂ ಬೇಜಾರಿಲ್ಲ."

ಬೇಜಾರಾಗುತ್ತಿತ್ತು.

ನರ್ಸಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಬಿಸಿಲು ಹಾದು, ಮೀನು ಗಾಜಿನೊಳಗೆ ತೇಲಿದಂತಾಯಿತು.

"ಹಾಸಿಗೆ ಪಕ್ಕದ ಈ ಕಿಟಕಿ ನಿನಗೆ. ಉಳಿದವಕ್ಕೆ ದೊಡ್ಡ ಮಷೀನ್ ಇರೋರನ್ನ ಕೇಳ್ತೀನಿ."

ಮಾಲೀಕನ ಬಾಗಿಲನ್ನು ದೂರವಿಡಲು ಒಂದು ಕಿಟಕಿ ಸಾಕೋ ಇಲ್ಲವೋ, ದಾರದಕ್ಕನಿಗೆ ತಿಳಿಯದು. ಕುತ್ತಿಗೆಯಿಂದ ಟೇಪು ತೆಗೆದು, ಕಿಟಕಿಯ ಒಂದು ತುದಿಗೆ ಹಿಡಿದಳು.